ದಾದರ್‌ನಲ್ಲಿ ಸಿಗ್ನಲ್ ಫುಲ್, ಆದ್ರೂ ನೆಟ್ ಯಾಕೆ ಸ್ಲೋ?

ಸಂಜೆ ಮುಂಬೈಯ ದಾದರ್ ಸ್ಟೇಷನ್ನಿನಲ್ಲಿ 5ಜಿ ಕಡ್ಡಿಗಳೆಲ್ಲ ತುಂಬಿದ್ದರೂ ವಿಡಿಯೊ ಸುತ್ತುತ್ತಲೇ ಇರುತ್ತದೆ, ಯಾಕೆ ಅಂತ ಕೇಳಿದ್ದೀರಿ. ಡೊಂಬಿವಲಿಯಿಂದ ದಿನಾ ಓಡಾಡುವ ನನ್ನದೂ ಇದೇ ಗೋಳು.

ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಅನ್ನುವುದನ್ನಷ್ಟೇ ಕಡ್ಡಿಗಳು ಹೇಳುತ್ತವೆ. ನಿಮ್ಮ ಪಾಲು ಎಷ್ಟು ಅನ್ನುವುದು ಬೇರೆ ಮಾತು. ಒಂದು ಟವರಿನ ಸ್ಪೆಕ್ಟ್ರಮ್ಮನ್ನು, ಅಂದರೆ ಅದು ಬಳಸುವ ರೇಡಿಯೊ ತರಂಗಗಳ ಜಾಗವನ್ನು, ಅದರಡಿ ಇರುವವರೆಲ್ಲ ಹಂಚಿಕೊಳ್ಳಬೇಕು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಟೇಬಲ್‌ಗೆ ಕಾದ ಹಾಗೆ. ಬಾಗಿಲು ತೆರೆದೇ ಇದೆ, ಕೂರಲು ಜಾಗ ಬೇಕಲ್ವಾ?

ಹಾಗಾದರೆ ಸ್ಪೆಕ್ಟ್ರಮ್ ಜಾಸ್ತಿ ಕೊಟ್ಟರಾಯಿತು ಅನ್ನಬಹುದು. ಅಷ್ಟು ಸುಲಭವಿಲ್ಲ. 700 ಮೆಗಾಹರ್ಟ್ಜ್‌ನಂಥ ಕಡಿಮೆ ಆವರ್ತನದ (ಸೆಕೆಂಡಿಗೆ ಕಡಿಮೆ ಸಲ ಕಂಪಿಸುವ) ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ ಅಲ್ಲಿ ಜಾಗ ಕಡಿಮೆ. 3300 ಮೆಗಾಹರ್ಟ್ಜ್ ಬ್ಯಾಂಡಿನಲ್ಲಿ (ಬ್ಯಾಂಡ್ ಅಂದರೆ ತರಂಗಗಳ ಒಂದು ಗುಂಪು) ಜಾಗ ಧಾರಾಳ, ಗೋಡೆ ಬಂದರೆ ಸುಸ್ತು. 26 ಗಿಗಾಹರ್ಟ್ಜ್‌ನಲ್ಲಿ ಇನ್ನೂ ವಿಶಾಲ, ಆದರೆ ಮನುಷ್ಯ ಅಡ್ಡ ನಿಂತರೂ ತಡೆ. ಸ್ಪೆಕ್ಟ್ರಮ್ ಅಗ್ಗವೂ ಅಲ್ಲ. 2022ರಲ್ಲಿ ಸರ್ಕಾರ ನಡೆಸಿದ ಹರಾಜಿನಲ್ಲಿ ಈ ಮೂರೂ ಇದ್ದವು. ಒಟ್ಟು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಸ್ಪೆಕ್ಟ್ರಮ್ ಮಾರಾಟವಾಯಿತು.

ಇನ್ನೊಂದು ದಾರಿ, ಚಿಕ್ಕ ಚಿಕ್ಕ ಟವರುಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದು. ಆಗ ಅದೇ ತರಂಗವನ್ನು ಮತ್ತೆ ಮತ್ತೆ ಬಳಸಬಹುದು. ಮುಂಬೈಯಲ್ಲಿ ಕಂಬಕ್ಕೂ ಜಾಗ ಹುಡುಕಬೇಕು, ಅದು ಬೇರೆ ಕಥೆ.

ಸದ್ಯಕ್ಕೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಬದಲಿಸಿ ನೋಡಿ. ಆ ಬ್ಯಾಂಡಿನಲ್ಲಿ ಜನ ಕಡಿಮೆ ಇದ್ದರೆ ಕೆಲವೊಮ್ಮೆ ಓಡುತ್ತದೆ.