ನಾಜಿ ಸರ್ಕಾರದ ಹುದ್ದೆ ಹಿಡಿದಿದ್ದ ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಎಂಥ ಮನುಷ್ಯ ಅನ್ನೋದನ್ನು ಅವರ ಸಂಗೀತ ಬದಿಗಿಟ್ಟು ಅಳೆಯಬಹುದಾ?

ಅಳೆಯಬಹುದು. ಎರಡಕ್ಕೂ ಬೇಕಾದ ಸಾಕ್ಷಿಯೇ ಬೇರೆ. ಸಂಗೀತ ಹೇಗಿದೆ ಅನ್ನೋದಕ್ಕೆ ಕಿವಿ ಸಾಕು. ಮನುಷ್ಯ ಹೇಗಿದ್ದರು ಅನ್ನೋದಕ್ಕೆ ಅವರ ಕಾಗದಗಳು, ಒಪ್ಪಿಕೊಂಡ ಹುದ್ದೆ, ಸುಮ್ಮನಿದ್ದ ಹೊತ್ತು, ಇವನ್ನೆಲ್ಲ ನೋಡಬೇಕು. ಹಾಡು ಎಷ್ಟೇ ಇಂಪಾಗಿದ್ದರೂ ಇದಕ್ಕೆ ಸಾಕ್ಷಿ ಹೇಳುವುದಿಲ್ಲ.

ಸ್ಟ್ರಾಸ್ ವಿಷಯದಲ್ಲಿ ಆ ದಾಖಲೆ ಸಾಕಷ್ಟಿದೆ. 1933ರಲ್ಲಿ ಬ್ರೂನೋ ವಾಲ್ಟರ್ ಎಂಬ ಯಹೂದಿ ವಾದ್ಯವೃಂದ ನಿರ್ದೇಶಕರನ್ನು ಬೆದರಿಸಿ ದೂರವಿಟ್ಟಾಗ, ಅವರ ಜಾಗದಲ್ಲಿ ನಿಂತು ಕಛೇರಿ ನಡೆಸಿದವರು ಇವರೇ. ಅದೇ ವರ್ಷ ನಾಜಿಗಳ ಸಂಗೀತ ಮಂಡಳಿಯ ಅಧ್ಯಕ್ಷರಾದರು. 1935ರಲ್ಲಿ ಯಹೂದಿ ಲೇಖಕ ಸ್ಟೀಫನ್ ಜ್ವೈಗ್‌ಗೆ ಬರೆದ ಕಾಗದ ಗುಪ್ತ ಪೊಲೀಸರ ಕೈಗೆ ಸಿಕ್ಕಿ ಹುದ್ದೆ ಬಿಡಬೇಕಾಯಿತು. ಸೊಸೆಯೂ ಯಹೂದಿ. ಅವರನ್ನೂ ಮೊಮ್ಮಕ್ಕಳನ್ನೂ ಉಳಿಸಿಕೊಳ್ಳಲು ತುಂಬಾ ಒದ್ದಾಡಿದರು. ನನಗೆ ಇಲ್ಲಿ ದ್ವೇಷಕ್ಕಿಂತ ಸ್ವಾರ್ಥ ಜಾಸ್ತಿ ಕಾಣುತ್ತದೆ. ಆದರೆ ಅದೇನು ಸಣ್ಣ ತಪ್ಪಲ್ಲ. ಅವರಂಥ ದೊಡ್ಡ ಹೆಸರು ಜೊತೆಗಿದ್ದರೆ ಆ ಸರ್ಕಾರಕ್ಕೆ ಮರ್ಯಾದೆ ಬರುತ್ತಿತ್ತು, ಅಲ್ವಾ?

ನಮ್ಮ ಮೈಸೂರಿಗೂ ಇವರಿಗೂ ಒಂದು ನಂಟಿದೆ. ಇವರ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಸಿದ್ದು ಜಯಚಾಮರಾಜ ಒಡೆಯರ ಹಣದ ನೆರವಿನಿಂದ. ಅವುಗಳಲ್ಲಿರುವುದು ಮುಪ್ಪು, ಸಾವಿನ ಮಾತು. ಯಾರ ಮೇಲೂ ವಿಷವಿಲ್ಲ. ಅವನ್ನು ಧಾರಾಳವಾಗಿ ಕೇಳಿ. ಪೂರ್ವಗ್ರಹ ಹಾಡಿನ ಸಾಹಿತ್ಯದೊಳಗೇ ಸೇರಿದ್ದರೆ ಮಾತ್ರ ಹೀಗೆ ಬೇರ್ಪಡಿಸಲು ಬರುವುದಿಲ್ಲ.