‘ಬಸ್ ಬಂದಳು’ ಎಂದು ಬರೆದ ಹುಡುಗ

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಿಂದ ಸಲಹೆಗಾಗಿ ನನ್ನಲ್ಲಿಗೆ ಬರುವ ಮಕ್ಕಳ ವಿಷಯದಲ್ಲಿ, ಅಜಾಗರೂಕತೆಯಿಂದ ತಪ್ಪು ತಪ್ಪಾಗಿ ಬರೆಯುತ್ತಾರೆ ಎಂಬ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹುಡುಗ ಮೂರನೆಯ ತರಗತಿಯವನು. ಹೆತ್ತವರು ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಸ್ವಂತ ವಾಕ್ಯ ಬರೆಯಬೇಕಾದ ದಿನ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ವೈದ್ಯರಿಗೆ ಯಾವ ಕಾಯಿಲೆಯೂ ಕಂಡಿರಲಿಲ್ಲ.

ಅವನ ನೋಟುಬುಕ್ಕಿನಲ್ಲಿ ಜೂನ್ ತಿಂಗಳ ಪುಟಗಳು ಉದ್ದುದ್ದ ವಾಕ್ಯಗಳಿಂದಲೂ ಕೆಂಪು ಶಾಯಿಯಿಂದಲೂ ತುಂಬಿದ್ದವು. ದೀಪಾವಳಿಯ ಹೊತ್ತಿಗೆ ‘ಇದು ಮರ’, ‘ಇದು ಮನೆ’ ಎಂಬಂಥ ಸಾಲುಗಳಷ್ಟೇ ಉಳಿದಿದ್ದವು. ಒಂದರಲ್ಲೂ ತಪ್ಪಿರಲಿಲ್ಲ. ಹುಡುಗ ಸುಧಾರಿಸಿದ್ದಾನೆಂದು ಶಿಕ್ಷಕಿ ಪ್ರಾಮಾಣಿಕವಾಗಿಯೇ ನಂಬಿದ್ದರು. ನನಗೆ ದಿಗಿಲಾದದ್ದು ಆ ತಪ್ಪಿಲ್ಲದ ಪುಟಗಳನ್ನು ನೋಡಿ.

ಮೂರನೆಯ ಭೇಟಿಗೆ ತಾಯಿಯ ಜೊತೆ ಶಿಕ್ಷಕಿಯೂ ಬಂದಿದ್ದರು. ಜೂನ್ ತಿಂಗಳ ಪುಟ ತೆರೆದು, ‘ನಮ್ಮ ಬಸ್ ತಡವಾಗಿ ಬಂದಳು’ ಎಂಬ ಸಾಲನ್ನು ತೋರಿಸಿ, “ಇದನ್ನು ಯಾಕೆ ಹೀಗೆ ಬರೆದೆ, ಮರಿ?” ಎಂದು ಕೇಳಿದೆ. ಬಹಳ ಹೊತ್ತು ತಾಯಿಯ ಸೆರಗು ಹಿಡಿದು ನಿಂತವನು, “ಸ್ಟಾಪಿನ್ಯಾಗ ಎಲ್ಲಾರೂ ಬಸ್ ಆಲೀ, ಬಸ್ ಆಲೀ ಅಂತಾರ್ರೀ ಮೇಡಂ. ಆಲೀ ಅಂದ್ರ ಬಂದಳು ಅಲ್ಲೇನ್ರೀ?” ಎಂದ. ಶಿಕ್ಷಕಿ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು, ತಾವೇ ಕೆಂಪು ಗೆರೆ ಎಳೆದಿದ್ದ ‘ನನಗೆ ಎರಡು ತಂಗಿಯರು’ ಎಂಬುದರ ಮೇಲೆ ಬೆರಳಿಟ್ಟು, “ಇದೂ ದೋನ್ ಬಹಿಣೀ ಇರಬೇಕು” ಎಂದು ಮೆಲ್ಲಗೆ ಹೇಳಿದರು.

ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ಕನ್ನಡದಲ್ಲಿ ನಪುಂಸಕಲಿಂಗ. ಮರಾಠಿಯಲ್ಲಿ ಪುಸ್ತಕವಾದರೂ ತಂಗಿಯಾದರೂ ‘ದೋನ್’ ಎಂದರೆ ನಡೆಯುತ್ತದೆ. ಕನ್ನಡದಲ್ಲಿ ಮನುಷ್ಯರಿಗೆ ‘ಇಬ್ಬರು’ ಎಂದೇ ಆಗಬೇಕು. 2020ರ ಕಾನೂನಿನಂತೆ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿರುವಾಗ, ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ ಮಗುವನ್ನು ಅಜಾಗರೂಕನೆನ್ನಲು ನನಗೆ ಮನಸ್ಸು ಬಾರದು.

“ಬಸ್ಸಿನ ಸುದ್ದಿ ಅವ್ವನಿಗೆ ಹೇಗೆ ಹೇಳುತ್ತೀ?” ಎಂದೆ. “ಬಸ್ ತಡಾ ಮಾಡಿ ಬಂತು” ಎಂದು ತಟ್ಟನೆ ಹೇಳಿದ. ಸರಿಯಾದ ಕ್ರಿಯಾಪದ ಅವನ ಬಾಯಲ್ಲೇ ಇತ್ತು.

ಆದ್ದರಿಂದ, ಪೆನ್ಸಿಲ್ ಹಿಡಿಯುವ ಮೊದಲು ವಾಕ್ಯವನ್ನು ಬಾಯಿಬಿಟ್ಟು ಹೇಳಿಸಿರಿ, ವಾರಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿರಿ, ಮಗು ಹೇಳಿದ ಸಂಗತಿಗೆ ಕೆಳಗೆ ಒಂದು ಸಾಲಿನ ಉತ್ತರ ಬರೆಯಿರಿ ಎಂದು ಸಲಹೆ ಕೊಟ್ಟೆ. ಓದಲು ಬಾರದ ತಾಯಿಗೆ, ಮಗ ಬರೆದದ್ದನ್ನು ಓದಿಸಿ ಕೇಳಿಸಿಕೊಂಡರೆ ಸಾಕೆಂದೆ. ಬಿಟ್ಟ ತಪ್ಪು ಬೇರೂರುವುದಿಲ್ಲವೇ ಎಂದು ಶಿಕ್ಷಕಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಶುದ್ಧ ವಾಕ್ಯ ಬೇಡವೆಂದು ನಾನೂ ಹೇಳುವವಳಲ್ಲ. ಆದರೆ ಮಗು ಬರೆಯುವುದನ್ನೇ ನಿಲ್ಲಿಸಿದರೆ ತಿದ್ದುವುದಕ್ಕೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಜನವರಿಯಲ್ಲಿ ಹುಡುಗ ನೋಟುಬುಕ್ಕು ತಂದು ತೋರಿಸಿದ: ‘ನಿನ್ನೆ ಬಸ್ ಬರಲಿಲ್ಲ, ಅದಕ್ಕೆ ನಾನು ಮತ್ತು ನನ್ನ ಎರಡು ತಂಗಿಯರು ನಡೆದುಕೊಂಡು ಹೋದೆವು.’ ‘ಎರಡು’ ಎಂಬುದನ್ನು ಆ ವಾರ ತಿದ್ದದೆ ಬಿಟ್ಟಿದ್ದ ಶಿಕ್ಷಕಿ, ಕೆಳಗೆ ನೀಲಿ ಶಾಯಿಯಲ್ಲಿ, ‘ಚಿಕ್ಕವಳಿಗೆ ಕಾಲು ನೋಯಲಿಲ್ಲವೇ?’ ಎಂದು ಬರೆದಿದ್ದರು.