ಪ್ರತಿಕ್ರಿಯೆ: ಫಾಫ್ಸಾ (ಅಮೆರಿಕ ಸರ್ಕಾರದ ವಿದ್ಯಾರ್ಥಿ ಧನಸಹಾಯದ ಅರ್ಜಿ) ಫಾರ್ಮಿನಲ್ಲಿ ‘ನೋವಾ’ ಹುಡುಕಿದರೆ ಫ್ಲಾರಿಡಾ ತೋರಿಸುತ್ತಿದೆ

ನಿಮಗೆ ಸಿಕ್ಕಿರುವುದು ಫ್ಲಾರಿಡಾದ ನೋವಾ ಸೌತ್‌ಈಸ್ಟರ್ನ್ ವಿಶ್ವವಿದ್ಯಾಲಯ. ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿರುವ ನಿಮ್ಮ ಮಗಳು ‘ನೋವಾ’ ಅನ್ನುತ್ತಿರುವುದು ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿಗೆ, ಅಂದರೆ ಅಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿಗೆ. ಅಲ್ಲಿ ಉತ್ತರ ವರ್ಜೀನಿಯಾ ಸೀಮೆಗೂ ಈ ಕಾಲೇಜಿಗೂ ಒಂದೇ ಅಡ್ಡಹೆಸರು. ಮೊದಲು ಪೂರ್ತಿ ಹೆಸರು ಹಾಕಿ ಹುಡುಕಿ. ವೆಬ್ ವಿಳಾಸದಲ್ಲಿ ‘ಎನ್‌ವಿಸಿಸಿ’ ಅಂತಿದ್ದರೆ ಗಾಬರಿ ಬೇಡ, ಅದೂ ಇದೇ. ಆಮೇಲೆ ಯಾವ ಕ್ಯಾಂಪಸ್ ಅಂತ ಮಗಳನ್ನೇ ಕೇಳಿ. ಅನಾಂಡೇಲ್ ಇರಬಹುದು, ಆದರೆ ಲೌಡನ್, ಮನಾಸಸ್, ಅಲೆಕ್ಸಾಂಡ್ರಿಯಾದಲ್ಲೂ ಇವೆ.

‘ಬೇರೆಲ್ಲೂ ಸೀಟು ಸಿಗದವರು ಹೋಗುವುದು’ ಅನ್ನುವ ನೆಂಟರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಜಿಲ್ ಬೈಡನ್ ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದಾಗಲೂ ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ನನ್ನ ಮಗನ ಪಕ್ಕದಲ್ಲಿ ಕೂರುತ್ತಿದ್ದವರು ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ಬಟ್ಟೆಯಲ್ಲೇ ಬರುತ್ತಿದ್ದ ಇಬ್ಬರು ಮಕ್ಕಳ ತಾಯಿ.

ಮುಂದೆ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಯೋಚನೆಯಿದ್ದರೆ, ಕೋರ್ಸ್ ಆರಿಸುವ ಮುಂಚೆಯೇ ಕಾಲೇಜಿನ ಸಲಹೆಗಾರರ ಹತ್ತಿರ ‘ಅಡ್ವಾನ್ಸ್’ ಕಾರ್ಯಕ್ರಮದ (ನೋವಾದಿಂದ ಜಾರ್ಜ್ ಮೇಸನ್‌ಗೆ ಹೋಗಲು ಇವೆರಡೂ ಸೇರಿ ನಡೆಸುವುದು) ಬಗ್ಗೆ ಕೇಳಿ.